ಬೀದಿ ಉಳಿಸಿದ ಟೇಪಕ್ಕ

ಬೆಳಗಿನ ಐದೂಮುಕ್ಕಾಲು. ಹಳೇ ಬೀದಿಯ ಪಡುವಣ ಸಾಲಿನ ಏಳನೇ ಮನೆ ಮುಂದೆ ಟೇಪಕ್ಕ ಮಂಡಿಯೂರಿ ಕೂತು, ಹೊಸ್ತಿಲಿನಿಂದ ಮೇಲಕ್ಕೆ ಅಳತೆ ಹಿಡಿಯುತ್ತಾರೆ. ಒಂದೂವರೆ ಮೀಟರಿಗೆ ಪೆನ್ಸಿಲ್ಲಿನ ಗೀಟು. ಇವತ್ತು ಅಲ್ಲಿಗೆ ನೀಲಿ ಫಲಕ ಬರುತ್ತದೆ: ‘ಸಂರಕ್ಷಿತ ಕಟ್ಟಡ, ಕೆಡವುವಂತಿಲ್ಲ.’ “ಓಡಾಟ ಶುರುವಾದ್ರೆ ಟೇಪಿನ ಮೇಲೇ ಗಾಡಿ ಹತ್ತಿಸ್ತಾರೆ. ಅದಕ್ಕೇ ಈ ಹೊತ್ತು,” ಎನ್ನುತ್ತಾರೆ, ಗೋಡೆಯಿಂದ ಕಣ್ಣು ಕೀಳದೆ.

ನಗರಸಭೆಯ ಸರ್ವೆ ವಿಭಾಗದಲ್ಲಿ ಟೇಪು ಹಿಡಿಯುವುದು ಅವರ ಇಪ್ಪತ್ಮೂರು ವರ್ಷದ ಕೆಲಸ. ಈ ಬೀದಿಯ ಅರವತ್ತೆರಡು ಹಳೇ ಮನೆಗಳನ್ನು ಉಳಿಸುವ ಕಡತ ಹುಟ್ಟಿದ್ದು ಹನ್ನೆರಡು ವರ್ಷದ ಹಿಂದೆ. ನಿಯಮದಂತೆ ಅಳತೆಗೆ ಆಯುಸ್ಸು ಮೂರೇ ವರ್ಷ. ಕಡತಕ್ಕೆ ಒಪ್ಪಿಗೆ ಕೊಡಬೇಕಾದ ನಗರಸಭೆ ಸದಸ್ಯರ ಸಭೆಗೆ ಮಾತ್ರ ಯಾವ ಆತುರವೂ ಇಲ್ಲ. ಒಮ್ಮೆ ಕೋರಂ ಇಲ್ಲ, ಒಮ್ಮೆ ಚುನಾವಣೆ, ಇನ್ನೊಮ್ಮೆ ‘ಇನ್ನಷ್ಟು ಚರ್ಚೆಯಾಗಲಿ’. ಅವಧಿ ಮುಗಿದಾಗಲೆಲ್ಲ ಟೇಪಕ್ಕ ಮತ್ತೆ ಮೊದಲಿನಿಂದ ಅಳೆದರು, ಒಟ್ಟು ನಾಲ್ಕು ಸಲ. ಅಷ್ಟರಲ್ಲಿ ಎದುರು ಸಾಲಿನ ಒಂಬತ್ತು ಮನೆ ಒಬ್ಬ ಬಿಲ್ಡರನ ಕೈಸೇರಿ ನೆಲಸಮವಾದವು.

ನಾಲ್ಕನೇ ಸಲ ಎಡವಟ್ಟಾಯಿತು. ಟೇಪಿನ ತುದಿ ಮುರಿದಿತ್ತು. ಅಂಥ ಟೇಪನ್ನು ಹತ್ತು ಸೆಂಟಿಮೀಟರಿನ ಗೀಟಿನಿಂದ ಹಿಡಿದು, ‘ಹತ್ತು ಕಳೆಯಿರಿ’ ಎಂದು ಪುಟದ ತಲೆಯ ಮೇಲೆ ಬರೆಯುವುದು ವಾಡಿಕೆ. ಪಡುವಣ ಸಾಲಿನ ಪುಟದಲ್ಲಿ ಟೇಪಕ್ಕ ಅದನ್ನೇ ಮರೆತರು. ಒಂದಕ್ಕೊಂದು ಅಂಟಿದ ಮೂವತ್ತೊಂದು ಮನೆಗಳೂ ಹತ್ತತ್ತು ಸೆಂಟಿಮೀಟರ್ ಊದಿಕೊಂಡವು. “ಬೀದಿಗಿಂತ ಮನೆ ಸಾಲೇ ಮೂರು ಮೀಟರ್ ಉದ್ದ ಇದೆಯಲ್ಲ ಸ್ವಾಮಿ,” ಎಂದು ಬಿಲ್ಡರನ ವಕೀಲರು ಸಭೆಯನ್ನು ನಗಿಸಿದರು. ಸಭೆ ಗಡುವು ಹಾಕಿತು: ಹದಿನೈದು ದಿನದಲ್ಲಿ ಹೊಸ ಅಳತೆ, ಮನೆಯವರ ಸಹಿ ಸಮೇತ ಬರಬೇಕು. ಇಲ್ಲವಾದರೆ ಆ ಸಾಲು ಕೆಡವಲು ಪರವಾನಗಿ. ಸರ್ವೆಯರುಗಳು ಪುರುಸೊತ್ತಿಲ್ಲ ಎಂದು ಕೈತೊಳೆದುಕೊಂಡರು.

“ತಪ್ಪು ನಂದೇ,” ಎನ್ನುತ್ತಾರೆ ಟೇಪಕ್ಕ. “ಸಭೆಯವರಿಂದ ಬೀದಿ ಹಾಳಾಗುತ್ತೆ ಅಂತ ಹನ್ನೆರಡು ವರ್ಷ ಬೈದೋಳು ನಾನು. ಕೊನೇಲಿ ನನ್ನ ಕೈಯಿಂದಲೇ ಹೋಗೋ ಹಾಗಾಯ್ತು.”

ಮರುದಿನದಿಂದಲೇ, ಕಚೇರಿ ಕೆಲಸಕ್ಕೆ ಮುಂಚೆ, ಹೊಸ ಟೇಪು ಹಿಡಿದು ಹೊರಟರು. ಇನ್ನೊಂದು ತುದಿ ಹಿಡಿಯಲು ಬಂದವರು ಬಟ್ಟೆ ಹೊಲಿಯುವ ನಾದಿನಿ. “ನನ್ನ ಅಳತೆ ತಪ್ಪಿದ್ರೆ ಒಂದು ರವಿಕೆ ಬಿಗಿಯಾಗುತ್ತೆ ಅತ್ತಿಗೆ. ನಿಂದು ತಪ್ಪಿದ್ರೆ ಬೀದಿನೇ ಹರಿದುಹೋಗುತ್ತೆ,” ಎಂದು ಆಕೆ ಬಾಗಿಲಿಗೊಂದು ಸಲ ಛೇಡಿಸುತ್ತಿದ್ದರಂತೆ. ದಿನಕ್ಕೆ ಮೂರು ಮನೆ, ಹನ್ನೊಂದು ಮುಂಜಾವು. ಹಾಸಿಗೆಯಿಂದೆದ್ದು ಬಂದವರ ಮೂವತ್ತೊಂದು ಸಹಿ.

ಸಭೆಯ ದಿನ ಬಿಲ್ಡರನ ಎಂಜಿನಿಯರೇ ಬಂದು ಸಾಲನ್ನು ಈ ತುದಿಯಿಂದ ಆ ತುದಿಗೆ ಅಳೆದರು. ವ್ಯತ್ಯಾಸ ಎರಡೇ ಸೆಂಟಿಮೀಟರ್. “ಸರಿ ಇದೆ,” ಎಂದಷ್ಟೇ ಹೇಳಿ ಟೇಪು ಸುತ್ತಿಕೊಂಡರು. ಹದಿನೆಂಟು ಕೈ ಪರವಾಗಿ, ಮೂರು ವಿರುದ್ಧ. ಬೀದಿ ಉಳಿಯಿತು. ಅವತ್ತು ಪಡುವಣ ಸಾಲಿನವರು ಮನೆಯಿಂದ ಕುರ್ಚಿ ತಂದು ಬೀದಿ ನಡುವೆಯೇ ಕೂತು ಹರಟಿದರು. ಬರೆಯುವಾಗ ನನಗೂ ಎದೆ ತುಂಬಿ ಬರುತ್ತದೆ.

ನಿರ್ಣಯದ ಪ್ರತಿಯಲ್ಲಿ ಟೇಪಕ್ಕನ ಹೆಸರಿಲ್ಲ. ಬೇಸರವಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

“ಹನ್ನೆರಡು ವರ್ಷದಲ್ಲಿ ಆ ಕಡತಕ್ಕೆ ಎಲ್ಲಾ ಕಾಗದವೂ ತಡವಾಗೇ ಸೇರಿದ್ದು. ಒಂದೇ ಒಂದು ಮಾತ್ರ ಗಡುವಿಗಿಂತ ನಾಲ್ಕು ದಿನ ಮುಂಚೆ ಹೋಗಿದೆ. ಅದು ನಂದು.”