ಬಾಗಿನದಲ್ಲಿ ಬಾಳೆಕಾಯಿ

ವಯನಾಡಿನ ಮಳೆಗೆ ಕಪಿಲೆ ಉಕ್ಕಿ ರಸ್ತೆಗೇ ಬಂದಿದ್ದರಿಂದ ಊಟಿಗೆ ಹೊರಟಿದ್ದ ನಮ್ಮ ಬಸ್ಸು ನಂಜನಗೂಡಿನಲ್ಲೇ ನಿಂತಿತು. ಎಲ್ಲರಂತೆ ನಾನೂ ಮೊಬೈಲು ಹಿಡಿದು ನೀರು ನೋಡಲು ಹೋದೆ. ಸ್ನಾನಘಟ್ಟದ ಮೆಟ್ಟಿಲುಗಳೆಲ್ಲ ಮುಳುಗಿದ್ದವು. ಪಕ್ಕದಲ್ಲಿ ಹುಲ್ಲಹಳ್ಳಿ ಕಡೆಯ ಹೆಂಗಸೊಬ್ಬರು ನದಿಗೆ ಬಾಗಿನ ಕೊಡಲು ಮೊರ ಹಿಡಿದು ನಿಂತಿದ್ದರು. ಅರಿಸಿನ, ಕುಂಕುಮ, ಬಳೆ ಎಲ್ಲ ಇತ್ತು. ಹಣ್ಣಿನ ಜಾಗದಲ್ಲಿ ಮಾತ್ರ ಹಸಿರು ಬಾಳೆಕಾಯಿ.

“ಹಣ್ಣು ಇಡೋದಲ್ವೇನಮ್ಮ?” ಎಂದೆ, ಸುಮ್ಮನಿರಲಾರದೆ.

“ಅಣ್ಣಾಗೋವರ್ಗೂ ಈ ತಾಯಿ ಕಾಯ್ನಿಲ್ವಲ್ಲ ಸಾ. ತೋಟೆಲ್ಲ ನೀರೊಳಗದೆ. ಕೈಗೆ ಸಿಕ್ಕಿದ್ದು ಇಷ್ಟೇಯ.”

ಬಗ್ಗಿ ಮೊರವನ್ನು ತೇಲಿಬಿಟ್ಟರು. ಕೆಂಪು ನೀರು ಅದನ್ನು ಒಮ್ಮೆ ತಿರುಗಿಸಿ ಅವರ ಕಾಲ ಬುಡಕ್ಕೇ ತಂದು ನಿಲ್ಲಿಸಿತು. ಅವರು ಅದನ್ನೇ ನೋಡುತ್ತ ನಿಂತರು.

“ಒಂದ್ಮಾತೂ ಕೇಳ್ದೆ ತೋಟ ತಕ್ಕಂಡ್ಳು. ಕೊಟ್ರೆ ಇದು ಬ್ಯಾಡ್ವಂತೆ.”