ಕಲ್ಲಪ್ಪ ಕಾಕಾ ಅದ್ದಿದ ಬಿಳಿ ಸೀರೆ

ಕಲ್ಲಪ್ಪ ಕಾಕಾರ ಎಡಗೈ ನೀಲಿ, ಬಲಗೈ ಕೆಂಪು. ಮೊಣಕೈವರೆಗೂ. ಬನಹಟ್ಟಿಯ ಮಗ್ಗಗಳ ನೂಲಿಗೆ ಬಣ್ಣ ಹಾಕುವ ಬಣಗಾರರು ಅವರು. ಎರಡು ಹಂಡೆಗಳ ನಡುವೆ ಕೂತು ಕೆಲಸ ಮಾಡಿ ಮಾಡಿ ಹಾಗಾಗಿತ್ತು. ಆಗಿನ್ನೂ ನಮ್ಮ ಭಾಗ ಮುಂಬಯಿ ರಾಜ್ಯದಲ್ಲಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತ ನಾನು ಆ ಊರಿಗೆ ಸೊಸೆಯಾಗಿ ಬಂದ ಹೊಸತು. ನಮ್ಮ ಮಗ್ಗದ ನೂಲು ತಂದುಕೊಟ್ಟು ಅವರು ಕಟ್ಟೆಯ ಮೇಲೆ ಕೂತರೆ, ಚಹಾದ ಬಸಿ ಹಿಡಿದ ಆ ಕೈಗಳನ್ನೇ ನೋಡುತ್ತಿದ್ದೆ.

ಅಣ್ಣ ಮುಂಬಯಿಯಿಂದ ಇಂಗ್ಲಿಷ್ ಸಿನಿಮಾ ಮಾಸಿಕ ಕಳಿಸುತ್ತಿದ್ದ. ಅದರೊಳಗಿನ ಹಾಲಿವುಡ್ ನಟಿಯರ ಬಣ್ಣದ ಚಿತ್ರಗಳನ್ನು ಕಾಕಾ ಬಿಸಿಲಿಗೆ ಹಿಡಿದು ನೋಡುವರು. ಮುಖ ನೋಡುತ್ತಿರಲಿಲ್ಲ, ಬಟ್ಟೆ ಮಾತ್ರ.

"ಈ ಹಸರ ಸುಮ್ನ ಬಂದಿಲ್ರಿ ಅಕ್ಕಾರ. ಈಕಿ ಕೂದಲ ಕೆಂಪ ಅದಾವಂತ ಹುಡಿಕಿ ಹುಡಿಕಿ ಹಾಕ್ಯಾರ. ಯಾವನೋ ಶಾಣ್ಯಾ ಬಣಗಾರ ಅದಾನ ಅಲ್ಲೆ."

ಒಮ್ಮೆ ಅದರಲ್ಲಿದ್ದುದನ್ನು ಓದಿ ಹೇಳಿದೆ. ಬಣ್ಣದ ಸಿನಿಮಾದಲ್ಲಿ ಅಚ್ಚ ಬಿಳಿ ಬಟ್ಟೆ ಉಡಿಸುವುದಿಲ್ಲ, ದೊಡ್ಡ ದೀಪಗಳ ಕೆಳಗೆ ಅದು ಕಣ್ಣು ಕುಕ್ಕುತ್ತದೆ. ಮದುವಣಗಿತ್ತಿಯ ಬಿಳಿ ಉಡುಪನ್ನೂ ಚಹಾದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ.

"ಚಹಾದಾಗ?" ಕಾಕಾ ನಕ್ಕು ಬಸಿಯೊಳಗೆ ಇಣುಕಿದರು. "ಹಂಗಾರ ನನ್ನ ಧೋತರಾನೂ ಸಿನಿಮಾಕ್ಕ ಆಗತೈತಿ!" ಆಮೇಲೆ ದನಿ ಇಳಿಯಿತು. "ನೋಡಾವ್ರಿಗೆ ಬಿಳೀನ ಕಾಣತೈತೇನ್ರಿ?"

"ಹೌದು ಕಾಕಾ, ಬಿಳೀನ ಕಾಣತದ."

ಯಾಕೆ ಕೇಳಿದರೆಂದು ಆಗ ತಿಳಿಯಲಿಲ್ಲ. ಅವರ ಮಗಳು ಗಂಗವ್ವ ಗಂಡನನ್ನು ಕಳೆದುಕೊಂಡು, ಮೂರು ವರ್ಷದ ಹೆಣ್ಣುಕೂಸಿನೊಂದಿಗೆ ಮುಧೋಳದಿಂದ ತವರಿಗೆ ಬಂದಿದ್ದಳು. ಇಪ್ಪತ್ತು ತುಂಬಿರಲಿಲ್ಲ. ಊರಿಗೆಲ್ಲ ಬಣ್ಣ ಹಾಕುವ ಮನೆಯಲ್ಲಿ ಅವಳೊಬ್ಬಳು ಬಿಳಿ ಸೀರೆಯುಟ್ಟು ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ಕಾಕಾ ಆ ಸೀರೆಗೆ ಗುಲಾಬಿ ಬಣ್ಣ ಹಾಕಿದರು. ಹಾಕಿದರು ಎನ್ನಲೂ ಬಾರದು. ಹಂಡೆ ನೀರಿಗೆ ನಾಲ್ಕು ಹನಿ. ನಾನೂ ಗುರುತಿಸಲಿಲ್ಲ. ಗಂಗವ್ವನ ಮುಖಕ್ಕೆ ಒಂದಿಷ್ಟು ಕಳೆ ಬಂದಂತೆ ಕಂಡಿತು, ಅಷ್ಟೆ. ಮಗಳ ಕೈ ಹಿಡಿದು ಅವಳು ನೀರಿಗೆ ಬರತೊಡಗಿದಳು.

ಒಂದು ಮಧ್ಯಾಹ್ನ ನಾವೆಲ್ಲ ಬಾವಿಕಟ್ಟೆಯಲ್ಲಿದ್ದಾಗ ದಿಢೀರನೆ ಮಳೆ ಹೊಡೆಯಿತು. ತೊಯ್ದ ಬಟ್ಟೆಯಲ್ಲಿ ಬಣ್ಣ ಗಾಢವಾಗುತ್ತದೆ. ಅಷ್ಟೂ ಹೆಂಗಸರ ನಡುವೆ ಗಂಗವ್ವ ಗುಲಾಬಿ ಸೀರೆಯಲ್ಲಿ ನಿಂತಿದ್ದಳು.

"ಏನವಾ ಗಂಗಿ, ಮತ್ತ ಮದಿವಿ ಮಾಡ್ಕೊಂತೀಯೇನ?" ಯಾರೋ ಅಂದರು. ನಾನು ಕೊಡ ಎತ್ತಿಕೊಂಡು ಮನೆಯ ದಾರಿ ಹಿಡಿದೆ.

ವಾರದೊಳಗೆ ಮುಧೋಳದಿಂದ ಅವಳ ಮಾವ ಬಂದ. "ಇಂಥಾಕಿ ಕೈಯಾಗ ನಮ್ಮ ಮನಿ ಕೂಸು ಬೆಳಿಯೂದು ಬ್ಯಾಡ" ಅಂದ. ಕಾಕಾ ಅವನ ಕಣ್ಣೆದುರಿಗೇ ಆ ಸೀರೆಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ, ಹಿಂಡಿ, ಹರವಿ ತೋರಿಸಿದರಂತೆ. "ನೋಡ್ರಿ ಬೀಗರ, ಬೆಳ್ಳಗ ಆತು. ತಪ್ಪು ನಂದು. ಆಕೀಗಿ ಗೊತ್ತ ಇದ್ದಿಲ್ರಿ." ಅವನು ಸೀರೆಯ ಕಡೆ ನೋಡಲಿಲ್ಲ. ಕೂಸನ್ನು ಎತ್ತಿಕೊಂಡು ಹೋದ.

ಕಾಕಾರನ್ನು ಕೊನೆಗೆ ಕಂಡದ್ದು ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ. ಅದಕ್ಕೂ ಮೊದಲು ಐದು ಸಲ ಮುಧೋಳಕ್ಕೆ ಹೋಗಿ ಬಂದಿದ್ದರು. ಬೀಗರು ಒಮ್ಮೆಯೂ ಮೊಮ್ಮಗಳನ್ನು ತೋರಿಸಿರಲಿಲ್ಲ.

"ನಾ ಅದನ್ನ ಓದಬಾರದಿತ್ತು, ಕಾಕಾ."

"ನೀವು ಓದಿದ್ದು ಖರೇನ ಇತ್ರಿ. ಅವರ ಸಿನಿಮಾದಾಗಿನ ಹೆಣಮಗಳು ನೀರಿಗಿ ಹೋಗಂಗಿಲ್ಲ." ತೊಡೆಯ ಮೇಲಿನ ಗಂಟನ್ನು ಹತ್ತಿರಕ್ಕೆಳೆದುಕೊಂಡು ಅಂದರು: "ತೊಯ್ದರ ಬಣ್ಣ ಏರತೈತಿ ಅನ್ನೂದು ನನಗ ಗೊತ್ತಿತ್ತು. ಬಣಗಾರ ನಾ. ಆಕಿ ನಕ್ಕಿದ್ದು ನೋಡಿ ಮರತನ್ರಿ."

ಗಂಟು ಬಿಚ್ಚಿ ಸಣ್ಣ ಕೆಂಪು ಲಂಗವೊಂದನ್ನು ತೋರಿಸಿದರು. ಮೊಮ್ಮಗಳಿಗೆಂದು ತಾವೇ ಬಣ್ಣ ಹಾಕಿ ಹೊಲಿಸಿದ್ದು. ಮುಧೋಳದ ಬಸ್ಸು ಬಂತು, ಹತ್ತಿದರು.

ಲಂಗ ಮೂರು ವರ್ಷದ ಕೂಸಿನ ಅಳತೆಯದು. ಅವಳಿಗೆ ಆಗಲೇ ಐದು ತುಂಬಿತ್ತು.