ಸೈರನ್ ಇಲ್ಲದೆ ಏರಿದ ನೀರು

ಹೋದ ವರ್ಷ ಡಿಸೆಂಬರಿನ ಎರಡನೆಯ ಶನಿವಾರ. ಸೋದರತ್ತೆಯ ಬಸುರಿ ಮಗಳ ಕುಬುಸದ ಕಾರ್ಯಕ್ಕೆಂದು ನಾನು ಮತ್ತು ನನ್ನ ಅಜ್ಜಿ ಯಾದಗಿರಿಯಲ್ಲಿ ರೈಲು ಹತ್ತಿ ಮುಂಬಯಿಗೆ ಬಂದು ನಾಲ್ಕು ದಿನವಾಗಿತ್ತು. ಕಾರ್ಯ ಮುಗಿದಿತ್ತು. ಊರಿಗೆ ಮರಳಲು ಇನ್ನೂ ಎರಡು ದಿನ ಇದ್ದವು.

ನನಗೆ ಎಲ್ಲವನ್ನೂ ಡೈರಿಯಲ್ಲಿ ಎಣಿಸಿ ಬರೆದಿಡುವ ಚಟ. ಹೊರಡುವ ಮೊದಲೇ ಸಿನಿಮಾದಲ್ಲಿ ಕಾಣಿಸದ ಮುಂಬಯಿಯ ಏಳು ಜಾಗಗಳ ಪಟ್ಟಿ ಮಾಡಿದ್ದೆ. ಮೂರನೆಯದು ಸಮುದ್ರದ ಅಂಚಿನ ಒಂದು ಹಳೆಯ ಮೀನುಗಾರರ ಕೇರಿ. ಅಜ್ಜಿ ತಾನೂ ಬರುತ್ತೇನೆಂದಳು. ಅವಳ ಎಡ ಮಂಡಿ ಸರಿಯಾಗಿ ಮಡಚುವುದಿಲ್ಲ.

"ಗಾಜಿನ ಮನಿ ನೋಡಿ ನೋಡಿ ಕಣ್ಣು ನೊಂದಾವ. ಮಂದಿ ಇರೋ ಕಡಿ ಕರಕೊಂಡ ಹೋಗು" ಎಂದಳು.

ಕತ್ತೆತ್ತಿದರೂ ತುದಿ ಕಾಣದ ಕಟ್ಟಡಗಳ ಬೆನ್ನಿಗೇ ಆ ಕೇರಿ ಇತ್ತು. ಇಬ್ಬರು ಎದುರಾದರೆ ಒಬ್ಬರು ಸರಿದು ನಿಲ್ಲಬೇಕಾದಂಥ ಓಣಿ. ಬಿದಿರಿನ ಗಳಗಳ ಮೇಲೆ ಮೀನು ಒಣಗುತ್ತಿದ್ದವು. ಅಜ್ಜಿ ಮೂಗಿಗೆ ಸೆರಗು ಹಿಡಿದು, "ಲಿಂಗ ಕಟ್ಟಿದಾಕಿನ್ನ ಎಲ್ಲಿಗೆ ತಂದೀಯಲ್ಲ ತಂಗಿ" ಎಂದು ನಗುತ್ತಲೇ ನಡೆದಳು.

ಓಣಿ ಮುಗಿದಲ್ಲಿ ಸಮುದ್ರ. ಸ್ವಲ್ಪ ದೂರದಲ್ಲಿ ಒಂದು ದೊಡ್ಡ ಬಂಡೆ, ಅದರ ಮೇಲೆ ಮೀನುಗಾರರ ದೇವಿಯ ಪುಟ್ಟ ಗುಡಿ. ಅಲ್ಲಿಯವರೆಗೂ ನೀರಿನಿಂದ ಎದ್ದ ಕಲ್ಲುಗಳ ಸಾಲು. ಎಣಿಸಿದೆ: ಹತ್ತೊಂಬತ್ತು. ನಡುವೆ ಪಾದ ಮುಳುಗುವಷ್ಟು ನೀರು.

"ತಾಯಿ ನೀರಾಗ ಕುಂತಾಳ. ಕುಬುಸದ ಖಣ ಒಂದು ಚೀಲದಾಗ ಉಳದದ. ಉಡಿ ತುಂಬಿ ಬರೂನು" ಎಂದ ಅಜ್ಜಿ, ಮೊದಲ ಕಲ್ಲಿನ ಮುಂದೆ ನಿಂತಳು. "ನೀರು ಏರೂದಿಲ್ಲೇನ?"

ನಮ್ಮದು ಕಕ್ಕೇರಾ ಸೀಮೆ. ನಮಗೆ ನೀರೆಂದರೆ ಕೃಷ್ಣಾ ಹೊಳೆ. ಆಣೆಕಟ್ಟಿನ ಗೇಟು ತೆಗೆಯುವ ಮೊದಲು ಸೈರನ್ ಕೂಗುತ್ತದೆ, ಊರಲ್ಲಿ ಡಂಗುರ ಸಾರುತ್ತಾರೆ. ಅದಿಲ್ಲದಿದ್ದರೆ ದನ ಕಾಯುವವರೂ ಹೊಳೆಯ ನಡುವಿನ ಬಂಡೆಯ ಮೇಲೆ ಕುಳಿತು ಬುತ್ತಿ ಉಣ್ಣುತ್ತಾರೆ. ನಾನು ಆಕಾಶ ನೋಡಿದೆ. ಒಂದು ತುಂಡು ಮೋಡವೂ ಇರಲಿಲ್ಲ.

"ಮಳಿ ಇಲ್ಲ, ಸೈರನ್ ಆಗಿಲ್ಲ. ಎಲ್ಲಿಂದ ಏರತದ ಆಯಿ?"

"ಅದೂ ಖರೇನ" ಎಂದು ಅಜ್ಜಿ ಹೆಜ್ಜೆ ಇಟ್ಟಳು.

ಗುಡಿ ತಲುಪಿದಾಗ ಮೂರೂ ಹತ್ತು. ಅಜ್ಜಿ ಉಡಿ ತುಂಬಿ, ಹುಟ್ಟಲಿರುವ ಮರಿಮಗುವಿನ ವಿಷಯ ದೇವಿಗೆ ಹೇಳುತ್ತ ಕಾಲು ಚಾಚಿ ಕುಳಿತಳು. ನಾನು ಪಕ್ಕದಲ್ಲಿ ಡೈರಿ ಬರೆಯತೊಡಗಿದೆ. ತಲೆ ಎತ್ತಿದಾಗ ನಾಲ್ಕಕ್ಕೆ ಐದು ನಿಮಿಷ. ಕಲ್ಲುಗಳು ಹನ್ನೊಂದಿದ್ದವು. ಲೆಕ್ಕ ತಪ್ಪಿತೇನೋ ಎಂದು ಮತ್ತೆ ಎಣಿಸಿದೆ. ಒಂಬತ್ತು.

ಅಜ್ಜಿಯ ಭುಜ ಅಲುಗಿಸಿದೆ. "ಆಯಿ, ಏಳು. ನೀರು ಏರಾಕತ್ತದ."

"ಹುಚ್ಚಿ, ಎಲ್ಲಿಂದ" ಎಂದು ತಿರುಗಿ ನೀರು ನೋಡಿದಳು. ಎರಡೂ ಕೈ ಬಂಡೆಗೆ ಊರಿ ಏಳಲು ನೋಡಿದಳು, ಮಂಡಿ ಕೇಳಲಿಲ್ಲ. ಎಬ್ಬಿಸಿ ನಿಲ್ಲಿಸುವಷ್ಟರಲ್ಲಿ ಉಳಿದದ್ದು ಆರು ಕಲ್ಲು.

ಅಲ್ಲೇ ಗುಡಿಯ ಬಳಿ ಕಾಯಬೇಕಿತ್ತೆಂದು ಆಮೇಲೆ ತಿಳಿಯಿತು. ಆಗ ದಂಡೆ ಸೇರಬೇಕೆಂಬುದೊಂದೇ ತಲೆಯಲ್ಲಿತ್ತು. ಅವಳ ಕೈ ಹಿಡಿದು ಇಳಿದೆ. ಕಲ್ಲುಗಳ ಮೇಲಿನ ಪಾಚಿ ಜಾರುತ್ತಿತ್ತು. ನೀರು ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ ಬಂತು. ಹೊಳೆ ಒಂದೇ ಕಡೆ ಎಳೆಯುತ್ತದೆ. ಇದು ಒಮ್ಮೆ ಮುಂದೆ ನೂಕಿ ಒಮ್ಮೆ ಹಿಂದಕ್ಕೆ ಎಳೆಯುತ್ತಿತ್ತು. ನಾನು ಕೂಗಿಕೊಂಡೆ. ಮುಂಬಯಿಯಲ್ಲಿ ನಿಂತು ಕನ್ನಡದಲ್ಲಿ ಕೂಗಿಕೊಂಡೆ.

ದಂಡೆಯಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಬಿಸಾಡಿ ನೀರಿಗಿಳಿದಳು. ಅಲ್ಲೇ ನಿಲ್ಲಿ, ಕಾಲು ಎತ್ತಬೇಡಿ ಎಂದು ಹಿಂದಿಯಲ್ಲಿ ಅರಚುತ್ತ ಬಂದಳು. ಅವಳು ಹತ್ತು ಮಾರು ದೂರದಲ್ಲಿದ್ದಾಗ ದೊಡ್ಡ ಅಲೆ ಬಂತು. ನಾನು ಪಕ್ಕದ ಬಂಡೆಯನ್ನು ಎರಡೂ ಕೈಯಿಂದ ತಬ್ಬಿಕೊಂಡೆ.

ಎರಡೂ ಕೈಯಿಂದ.

ಕಣ್ಣು ಬಿಟ್ಟಾಗ ಅಜ್ಜಿ ಇರಲಿಲ್ಲ. ನೀರಿನ ಮೇಲೆ ಅವಳ ಹಸಿರು ಸೆರಗಷ್ಟೇ ಇತ್ತು. ಆ ಹೆಂಗಸು ಮುಳುಗಿ, ಅಜ್ಜಿಯ ತುರುಬು ಹಿಡಿದು ಮೇಲೆತ್ತಿ ಬೆನ್ನಿಗೆ ಹಾಕಿಕೊಂಡಳು. ಹಿಂದೆಯೇ ಬಂದ ಅವಳ ಗಂಡ ನನ್ನ ತೋಳು ಹಿಡಿದು ಎಳೆದುಕೊಂಡು ಹೋದ.

ದಂಡೆಯ ಮೇಲೆ ಅಜ್ಜಿ ಕೆಮ್ಮಿ ನೀರು ಕಾರಿದಳು. ಆ ಹೆಂಗಸು ತನ್ನ ಸೀರೆ ಉಡಿಸಿ, ಚಹಾ ಕುಡಿಸಿ, ನನ್ನನ್ನು ಬಾಯಿಗೆ ಬಂದಂತೆ ಬೈದಳು. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಇಷ್ಟೂ ಗೊತ್ತಿಲ್ಲವೇ ಎಂದಳು. ಪುಸ್ತಕದಲ್ಲಿ ಓದಿದ್ದೆ. ಕಾಲ ಬಳಿ ನೀರು ನಿಂತಾಗ ನೆನಪಿಗೆ ಬಂದದ್ದು ಮಾತ್ರ ನಮ್ಮ ಸೈರನ್.

ಅಜ್ಜಿಗೆ ಕನ್ನಡದಲ್ಲಿ ತಿಳಿಸಿದೆ. "ದಿನಾ ಎರಡ ಸಲ? ಹೇಳದ ಕೇಳದ ಗೇಟ ತೆಗಿಯಾವ ಯಾರವ?" ಎಂದಳು ನಡುಗುತ್ತ. ನಾನು ಅದನ್ನು ಹಿಂದಿಯಲ್ಲಿ ಹೇಳಿದಾಗ ಆ ಹೆಂಗಸು ಮೊದಲ ಬಾರಿ ನಕ್ಕು, ಮೇಲೆ ಹಗಲಲ್ಲೇ ಬೂದಿಯಂತೆ ಮಸುಕಾಗಿ ಕಾಣುತ್ತಿದ್ದ ಚಂದ್ರನತ್ತ ಕೈ ತೋರಿಸಿದಳು.

ಊರಿಗೆ ಬಂದ ಮೇಲೆ ಅಜ್ಜಿ ಮನೆಗೆ ಬಂದವರಿಗೆಲ್ಲ ಇದನ್ನು ಹೇಳುತ್ತಾಳೆ. "ನೀರು ಕುತ್ತಿಗಿತನಕ ಬಂದಿತ್ರಿ. ನಮ್ಮ ಹುಡುಗಿ ಕೈ ಬಿಡಲಿಲ್ಲ ನೋಡ್ರಿ."

ಅವಳಿಗೆ ನಿಜಕ್ಕೂ ನೆನಪಿಲ್ಲವೋ, ಎಲ್ಲ ನೆನಪಿದ್ದೇ ಹಾಗೆ ಹೇಳುತ್ತಾಳೋ, ನಾನು ಕೇಳಿಲ್ಲ. ಅಂದಿನ ಡೈರಿಯಲ್ಲಿ ಹೊತ್ತು, ಕಲ್ಲು, ಅಲೆ ಎಲ್ಲವೂ ಇವೆ. ಕೈ ಬಿಟ್ಟದ್ದು ಇಲ್ಲ. ಬರೆದದ್ದು ಇಲ್ಲೇ ಮೊದಲು. ಅಜ್ಜಿಗೆ ಓದಲು ಬಾರದು. ಇದು ಅಚ್ಚಾದರೆ ನನ್ನನ್ನೇ ಕರೆದು ಓದಿಸುತ್ತಾಳೆ. ಆ ಸಾಲು ಬಂದಾಗ ಓದುತ್ತೇನೋ, ದಾಟಿ ಹೋಗುತ್ತೇನೋ, ಈಗಲೂ ಹೇಳಲಾರೆ.